ಮುಂಬಾಗಿಲಿನ ಬಾಯ್ಲರ್

ಎಲ್ಕ್ ಪ್ರೇರಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ದಾನಿಗಳ ಹೆಸರಿಲ್ಲದ ವಸ್ತು ಒಂದೇ ಉಳಿದಿತ್ತು: ಕಟ್ಟಡವನ್ನೆಲ್ಲ ಬೆಚ್ಚಗಿಡುವ ನೆಲಮಾಳಿಗೆಯ ಬಾಯ್ಲರ್. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ದಿನ ಅದೂ ಕೆಟ್ಟಿತು.

ಮಿಕ್ಕಿದ್ದಕ್ಕೆಲ್ಲ ಹೆಸರಿತ್ತು. ಗ್ರಂಥಾಲಯಕ್ಕೆ, ಅದರ ಮೆಟ್ಟಿಲಿಗೆ, ಮೆಟ್ಟಿಲ ಕಂಬಿಗೆ. ಕೈತೊಳೆಯುವ ನಲ್ಲಿಗೆ ಒಂದು ದಂಪತಿಯ ಹೆಸರಿತ್ತು. ಅವರಿಗೆ ವಿಚ್ಛೇದನವಾದ ಮೇಲೆ ತಣ್ಣೀರು ಗಂಡನಿಗೂ ಬಿಸಿನೀರು ಹೆಂಡತಿಗೂ ಸೇರತಕ್ಕದ್ದೆಂದು ತೀರ್ಮಾನವಾಯಿತು.

ಬಾಯ್ಲರ್ ನೋಡಿಕೊಳ್ಳುತ್ತಿದ್ದವಳು ವಿಲ್ಮಾ ಟಾರ್ಕೆಲ್ಸನ್. ಪಿಂಚಣಿಗೆ ಇನ್ನೆರಡು ವರ್ಷ. ಬಾಯ್ಲರ್ ಇಲ್ಲದಿದ್ದರೆ ಬಾಯ್ಲರಿನವಳೂ ಇರತಕ್ಕದ್ದಲ್ಲ ಎಂಬ ನಿಯಮವಿದ್ದುದರಿಂದ ಅವಳು ನೇರ ಕುಲಪತಿ ಪ್ರೆಂಟಿಸ್ ಅವರ ಕೋಣೆಗೆ ನುಗ್ಗಿದಳು.

"ಸಾರ್, ಹೊಸ ಬಾಯ್ಲರ್ ಬೇಕು. ನರ್ಸಿಂಗ್ ಹುಡುಗೀರು ಗಡಗಡ ನಡುಗ್ತಾ ಸೂಜಿ ಚುಚ್ಚೋದು ಕಲೀತಿದಾರೆ. ಗೊಂಬೆ ಅಂತ ಸರಿಹೋಯ್ತು, ಮನುಷ್ಯ ಆಗಿದ್ರೆ ಎದ್ದು ಓಡ್ತಿದ್ದ."

"ಸರ್ಕಾರ ಕೊಡಲ್ಲ ವಿಲ್ಮಾ. ದಾನಿ ಹಿಡೀರಿ ಅಂತಾರೆ."

"ಹಿಡೀರಿ ಮತ್ತೆ!"

"ನೆಲಮಾಳಿಗೇಲಿ ಅವರ ಹೆಸರು ಯಾರಮ್ಮ ಓದ್ತಾರೆ? ಹೆಗ್ಗಣಾನಾ?"

"ಹಾಗಾದ್ರೆ ತಂದು ಮುಂಬಾಗಿಲಲ್ಲೇ ಇಟ್ಕೊಳ್ಳಿ," ಎಂದಳು ವಿಲ್ಮಾ, ಸಿಟ್ಟಿನಿಂದ.

ಕುಲಪತಿಗಳು ಅದನ್ನು ಬರೆದುಕೊಂಡರು.

ಚೀಸ್ ಕಾರ್ಖಾನೆಯ ಸಾಹುಕಾರ ಆಲ್ವಿನ್ ಶ್ಟ್ರುಕೆಲ್ ಕೂಡಲೇ ಒಪ್ಪಿದರು. ಮುಂಬಾಗಿಲೊಳಗೆ ಹೊಳೆಯುವ ಬಾಯ್ಲರ್ ಬಂದು ನಿಂತಿತು. ಎದೆಯ ಮೇಲೆ ಮೊಳದುದ್ದದ ಹಿತ್ತಾಳೆ ಅಕ್ಷರ. ರಿಬ್ಬನ್ ಕತ್ತರಿಸಿ, ಬಂದವರಿಗೆಲ್ಲ ಚೀಸ್ ತುಂಡು ಹಂಚಿದರು.

ಮಾರನೆಯ ವಾರ ಸರ್ಕಾರದ ಪತ್ರ ಬಂತು: "ತಮ್ಮ ಕಟ್ಟಡ ಬಿಸಿಯಾಗಿಡಲು ಖಾಸಗಿ ದೇಣಿಗೆ ಬಂದಿರುವುದು ಹರ್ಷದ ಸಂಗತಿ. ಆದಕಾರಣ ಬಾಯ್ಲರಿನ ಗ್ಯಾಸಿಗೆ ನೀಡುತ್ತಿದ್ದ ಅನುದಾನವನ್ನು ಹಿಂಪಡೆಯಲಾಗಿದೆ."

ಕುಲಪತಿಗಳು ಸಾಹುಕಾರರಿಗೆ ಫೋನು ಮಾಡಿದರು. ವಿಲ್ಮಾ ಪಕ್ಕದಲ್ಲೇ ನಿಂತಿದ್ದಳು.

"ಗ್ಯಾಸಾ?" ಎಂದರು ಸಾಹುಕಾರರು. "ಅದು ಉರಿದು ಹೋಗುತ್ತಲ್ರೀ. ಹೆಸರು ಯಾವುದರ ಮೇಲೆ ಬರೆಸಲಿ?"

ಗ್ಯಾಸ್ ಬರಲಿಲ್ಲ, ಬಾಯ್ಲರ್ ಉರಿಯಲಿಲ್ಲ. ವಿಲ್ಮಾಳ ವಿಷಯ ಸಮಿತಿಯ ಮುಂದೆ ಹೋಯಿತು. ಬಾಯ್ಲರ್ ಇರುವುದರಿಂದ ಆಕೆಯ ಹುದ್ದೆ ಇದೆ, ಉರಿಯದಿರುವುದರಿಂದ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಸಂಬಳವಿಲ್ಲ, ತಿಂಗಳೊಳಗೆ ಕೆಲಸ ತೋರಿಸತಕ್ಕದ್ದು ಎಂದು ಸಮಿತಿ ಬರೆಯಿತು.

ಅಷ್ಟರಲ್ಲಿ ಸಾಹುಕಾರರು ತಮ್ಮ ಬಾಯ್ಲರ್ ಸುತ್ತ ಮಕ್ಕಳು ಚಳಿ ಕಾಯಿಸಿಕೊಳ್ಳುವುದನ್ನು ಕಣ್ತುಂಬ ನೋಡಲು ಬರುವುದಾಗಿ ತಿಳಿಸಿದರು. ಕುಲಪತಿಗಳು ಅಂದೇ ಸುತ್ತೋಲೆ ಹೊರಡಿಸಿದರು: "ಪ್ರತಿ ವಿದ್ಯಾರ್ಥಿಯೂ ದಿನಕ್ಕೆ ಐದು ನಿಮಿಷ ಬಾಯ್ಲರ್ ಮುಂದೆ ಕೈಚಾಚಿ ನಿಲ್ಲತಕ್ಕದ್ದು. ನೂಕುನುಗ್ಗಲು ಸಲ್ಲದು. ಹೆಚ್ಚು ಬಿಸಿಯಾಯಿತೆಂಬ ದೂರನ್ನು ಲಿಖಿತವಾಗಿ ಕೊಡುವುದು."

ಸಾಹುಕಾರರು ಬಂದರು, ತುಪ್ಪಳದ ಕೋಟಿನೊಳಗೆ ನಡುಗುತ್ತ ಸಾಲನ್ನು ನೋಡಿದರು, ಕಣ್ಣೊರೆಸಿಕೊಂಡರು, ಹೋದರು. ಸುತ್ತೋಲೆಯನ್ನು ಹಿಂಪಡೆಯಲು ಯಾರಿಗೂ ನೆನಪಾಗಲಿಲ್ಲ. ಜನವರಿಗೆ ಸಾಲು ಮೆಟ್ಟಿಲು ದಾಟಿತ್ತು, ಸಾಲಿಗೊಬ್ಬ ಮೇಲ್ವಿಚಾರಕಿ ಬೇಕಾಗಿತ್ತು; ಆ ಕೆಲಸ ವಿಲ್ಮಾಳಿಗೆ ಬಂತು.

ಮಾಯ್ ಶಿಯಾಂಗ್ ಎಂಬ ನರ್ಸಿಂಗ್ ಹುಡುಗಿ ತನ್ನ ಸರದಿ ಬಂದಾಗ ಗವುಸು ಬಿಚ್ಚಿ ಬಾಯ್ಲರನ್ನು ಮುಟ್ಟಿದಳು.

"ಆಂಟಿ, ಇದು ಮಂಜುಗಡ್ಡೆ ಇದ್ದಂಗಿದೆಯಲ್ಲ?"

ವಿಲ್ಮಾ ಗಡಿಯಾರ ನೋಡಿದಳು.

"ಐದು ನಿಮಿಷ ಆಯ್ತು, ಸರಿಯಮ್ಮ ಆಕಡೆ. ಹಿಂದಿರೋರೂ ಚಳಿ ಕಾಯಿಸ್ಕೋಬೇಕು."