ಹೊಟ್ಟೆ ಕೆಟ್ಟ ಬಾಣಂತಿಯ ಹಾಲು

ಬಾಣಂತಿಗೆ ಬಾಯಿ ಇರುವುದು ಹೂಂ ಅನ್ನುವುದಕ್ಕೆ ಎಂದು ನಮ್ಮ ಮನೆಯಲ್ಲಿ ನಂಬಿಕೆ. ನಾನು ಅದನ್ನು ತಿನ್ನುವುದಕ್ಕೂ ಎದುರು ಮಾತಾಡುವುದಕ್ಕೂ ಬಳಸಿಕೊಂಡೆ. ತಪ್ಪೊಪ್ಪಿಗೆ ಇಷ್ಟೇ, ಪಶ್ಚಾತ್ತಾಪ ಇಲ್ಲ. ಮಗನಿಗೆ ಎರಡೂವರೆ ತಿಂಗಳ ಚುಚ್ಚುಮದ್ದು ಹಾಕಿಸಿ ಮೂಡಿಗೆರೆಯಿಂದ ಕಳಸಕ್ಕೆ ಮರಳುವಾಗ ಹಠ ಹಿಡಿದು ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿ, ನೀರುದೋಸೆ ಜೊತೆ ಖಾರದ ಕೋಳಿಸಾರು ಹೊಡೆದೆ. ಹೆರಿಗೆಯಾದಾಗಿನಿಂದ ಮೆಣಸಿನಕಾಳಿನ ಸಾರನ್ನೇ ಕಂಡ ನಾಲಿಗೆ. ಎರಡನೇ ಸಲ ಸಾರು ಹಾಕಿಸಿಕೊಂಡದ್ದಕ್ಕೆ ಆ ನಾಲಿಗೆಯನ್ನೇ ದೂರಬೇಕು. ನಮ್ಮ ಯಜಮಾನರು ಮಾತ್ರ ಅವರಮ್ಮ ಅಲ್ಲಿಗೂ ಬಂದುಬಿಡುತ್ತಾರೆ ಅನ್ನುವ ಹಾಗೆ ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದರು.

ಮರುದಿನ ಬೆಳಗ್ಗೆಯಿಂದ ನನಗೆ ಭೇದಿ. ಅತ್ತೆ ಬೈಯಲಿಲ್ಲ. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು, "ನೀನು ಹುಷಾರಾಗೋ ತನಕ ಹಾಲು ಕೊಡೋದು ಬೇಡ. ನಿನ್ ಹೊಟ್ಟೇಲಿರೋದು ಕೂಸಿನ ಹೊಟ್ಟೆಗೆ ಹೋಗ್ತದೆ. ಡಬ್ಬಿ ಪುಡಿ ತರಿಸ್ತೀನಿ" ಅಂದರು. ಆಚೆ ಕೋಣೆಯಲ್ಲಿ ಮಗು ಅಳತೊಡಗಿತು, ಇಲ್ಲಿ ನನ್ನ ಎದೆ ಬಿಗಿಯತೊಡಗಿತು. ಸಿಟ್ಟು ನೆತ್ತಿಗೇರಿತು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಹೊಟ್ಟೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ಕಿವಿಗೆ ತುರುಕಿದ್ದ ಹತ್ತಿ ಕಿತ್ತು, ಚುಚ್ಚುಮದ್ದು ಹಾಕಿದ ಡಾಕ್ಟರಮ್ಮನಿಗೆ ಫೋನು ಮಾಡಿದೆ.

ವಾಪಸು ಬಂದವಳು ಭಾಷಣಕ್ಕೇ ನಿಂತೆ. "ಅತ್ತೆ, ಕೇಳಿ. ಕರುಳಿನ ಗೋಡೇಲಿ ಕಾವಲಿನ ಜೀವಕೋಶಗಳಿರ್ತವಂತೆ. ಬಂದ ರೋಗಾಣುವಿನ ಗುರುತು ಹಿಡ್ಕೊಂಡು ರಕ್ತಕ್ಕೆ ಇಳೀತವೆ. ಹಾಲು ಕೊಡೋ ಎದೆ ಅವನ್ನ ತನ್ನ ಕಡೆ ಕರ್ಕೊಳ್ತದೆ. ಅಲ್ಲಿ ಕೂತು ಅದೇ ರೋಗಾಣುವಿಗೆ ಮದ್ದು ಮಾಡಿ ಹಾಲಿಗೆ ಬಿಡ್ತವೆ. ಈಗ ಹಾಲು ನಿಲ್ಸಿದ್ರೇ ಕೂಸಿಗೆ ನಷ್ಟ. ಸೋಪು ಹಾಕಿ ಕೈ ತೊಳ್ಕೊಂಡು ಕೊಡಿ ಅಂದ್ರು. ಕೊಡ್ತೀನಿ, ಯಾರು ಬೇಡ ಅಂದ್ರೂ ಕೊಡ್ತೀನಿ."

ಇನ್ನೂ ನಾಲ್ಕು ವಾಕ್ಯ ಸಿದ್ಧವಿದ್ದವು. ಅತ್ತೆ ಅವಕಾಶ ಕೊಡಲಿಲ್ಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಮಗುವನ್ನು ತಂದು ತೊಡೆಯ ಮೇಲಿಟ್ಟರು. "ಇವನಪ್ಪ ಕೂಸಾಗಿದ್ದಾಗ ನಂಗೂ ಹೀಗೇ ಆಗಿತ್ತು. ನಾಕ್ ದಿನ ಹಾಲು ಬಿಡಿಸಿದ್ರು. ಎದೆ ಕಟ್ಕೊಂಡು, ಗೋಡೆ ಕಡೆ ತಿರುಗಿ ಅತ್ತಿದ್ದೆ. ನಂಗೆ ಯಾರು ಹೇಳ್ಬೇಕಿತ್ತು ಮಾರಾಯ್ತಿ, ಇದ್ನೆಲ್ಲ?"

ಜಗಳಕ್ಕೆ ಟೊಂಕ ಕಟ್ಟಿ ನಿಂತವಳಿಗೆ ಎದುರಾಳಿಯೇ ಇಲ್ಲದಂತಾಯಿತು. ಮಗು ಕುಡಿಯತೊಡಗಿತು, ನನ್ನ ಕಣ್ಣು ತುಂಬಿತು. ಅದನ್ನು ನೋಡಿಯೂ ನೋಡದವರಂತೆ ಒಳಗೆ ಹೋದ ಅತ್ತೆ, ಸ್ವಲ್ಪ ಹೊತ್ತಿಗೆ ದೊಡ್ಡ ಲೋಟದ ತುಂಬ ಉಪ್ಪು ಹಾಕಿದ ಗಂಜಿ ತಂದರು.

"ಕುಡಿ. ಆ ನಿನ್ ಕಾವಲಿನವ್ರು ಅಷ್ಟು ದೂರ ನಡೀಬೇಕಲ್ಲ."

ಮಗುವಿಗೆ ಏನೂ ಆಗಲಿಲ್ಲ. ನಾನು ಮಾತ್ರ ಭೇದಿ ನಿಂತ ಮೇಲೂ ಒಂದು ವಾರ ಆ ಕಾವಲಿನವರ ಹೆಸರಿನಲ್ಲಿ ಗಂಜಿ ಕುಡಿದೆ. ಬೇಡ ಅನ್ನಲು ಬಾಯಿ ತೆರೆದಾಗಲೆಲ್ಲ ನನ್ನದೇ ಭಾಷಣ ಅಡ್ಡ ಬರುತ್ತಿತ್ತು.