ಮಾವನ ಸಿಳ್ಳೆನಾಯಿಗಳು

ನಮ್ಮ ಸೋದರಮಾವನಿಗೆ ನಾಯಿ ಕಂಡರೆ ಪ್ರಾಣಭಯ. ಇಂಥವರು ಪೊನ್ನಂಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ ಇದ್ದಬದ್ದ ನಾಯಿಗಳಿಗೆಲ್ಲ ಹುಚ್ಚಿನ ಚುಚ್ಚುಮದ್ದು ಹಾಕಿಸುತ್ತಾರೆ ಅಂದರೆ ನಂಬುತ್ತೀರಾ? ನಂಬಬೇಡಿ. ನಾನೂ ಕಣ್ಣಾರೆ ಕಾಣುವವರೆಗೆ ನಂಬಿರಲಿಲ್ಲ. ಅಂಗೈಯಗಲದ ಮರಿಯೊಂದು ಬಾಲ ಅಲ್ಲಾಡಿಸುತ್ತ ಬಂದರೂ ಸಾಕು, ಮಾವ ಪಂಚೆ ಎತ್ತಿ ಕಟ್ಟಿ ಹತ್ತಿರದ ಜಗಲಿ ಏರಿಬಿಡುತ್ತಿದ್ದರು.

"ಕಚ್ಚಲ್ಲ ಕಣ್ರೀ, ಇನ್ನೂ ಹಾಲು ಕುಡಿಯೋ ಮರಿ" ಎಂದು ಅತ್ತೆ ಹೇಳಿದರೆ, "ಹಾಲು ಕುಡಿಯೋಕೆ ಅಷ್ಟೊಂದು ಹಲ್ಲು ಯಾಕೆ ಬೇಕು ಅದಕ್ಕೆ?" ಎಂದು ಮೇಲಿನಿಂದಲೇ ಕೇಳುತ್ತಿದ್ದರು.

ಮಾವ ಶನಿವಾರಸಂತೆ ಕಡೆಯವರು. ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ, ಕಾಫಿ ಪಿಕಿಂಗಿನ ಲೆಕ್ಕ ಎಲ್ಲ ಅವರದೇ. ಎಸ್ಟೇಟು ಮುಗಿಯುವಲ್ಲಿ ಆನೆಗಳು ದಾಟದಂತೆ ತೋಡಿದ ಕಂದಕ, ಅದರಾಚೆ ಅಭಯಾರಣ್ಯ. ಆ ಕಾಡಿನಲ್ಲಿ ಸೀಳುನಾಯಿಗಳದೊಂದು ಹಿಂಡಿತ್ತು. ಮಾವನ ಜೀವವೆಲ್ಲ ಆ ಹಿಂಡಿನ ಮೇಲೆ. ಊರ ನಾಯಿಗೆ ಹೆದರಿ ಜಗಲಿ ಹತ್ತುವವರಿಗೆ ಕಾಡುನಾಯಿಯ ಮೇಲೆ ಅದೆಂಥ ಮೋಹವೋ!

"ಅವು ಬೊಗಳಲ್ಲ ಮಗಾ, ಸಿಳ್ಳೆ ಹೊಡೀತವೆ" ಎನ್ನುತ್ತಿದ್ದರು. "ಸೀಳುನಾಯಿ ಅಂತ ಹೆಸರಿಟ್ಟನಲ್ಲ, ಅವನಿಗೆ ಕಿವಿ ಇರಲಿಲ್ಲ. ಸಿಳ್ಳೆನಾಯಿ ಅನ್ಬೇಕು."

ದಿನಾ ಸಂಜೆ ಕಾಫಿ ಲೋಟ ಹಿಡಿದು ಕಂದಕದ ಅಂಚಿಗೆ ಹೋಗಿ, ತುಟಿ ಮುಂದೆ ಮಾಡಿ, ಕಾಡಿನ ಕಡೆ ಸಿಳ್ಳೆ ಹಾಕುವುದು ಅವರ ನೇಮ. ಅಪರೂಪಕ್ಕೆ ಆ ಕಡೆಯಿಂದಲೂ ಸಣ್ಣದೊಂದು ಸಿಳ್ಳೆ ಬರುತ್ತಿತ್ತು. ಬಂದ ದಿನ ಅತ್ತೆ ಉಪ್ಪು ಹಾಕದ ಸಾರು ಬಡಿಸಿದರೂ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ರಜೆಗೆ ಹೋದ ನನಗೂ ಆ ಸಿಳ್ಳೆ ಕಲಿಸಿದರು. "ಹೆಣ್ಣುಡುಗಿಗೆ ಇಂಥದ್ದೆಲ್ಲ ಕಲಿಸ್ತೀರಲ್ಲ, ಮನೆಗೆ ಹಾವು ಬರುತ್ತೆ!" ಎಂದು ಅತ್ತೆ ಬೈದರು. "ಹಾವು ಬಂದ್ರೆ ಬರ್ಲಿ, ನಾಯಿ ಬರದಿದ್ರೆ ಸಾಕು" ಎಂದರು ಮಾವ.

ಇನ್ನು ಚುಚ್ಚುಮದ್ದಿನ ಕಥೆ. ಪಶು ಆಸ್ಪತ್ರೆಯ ಡಾಕ್ಟರು ಒಮ್ಮೆ ಮಾತಿನ ನಡುವೆ, ಆಳುಗಳ ಲೈನ್‌ಮನೆಗಳ ನಾಯಿಗೆ ಹುಚ್ಚು ಹಿಡಿದು ಅದು ಕಾಡಿಗೆ ನುಗ್ಗಿದರೆ ಸೀಳುನಾಯಿಗಳಿಗೂ ತಗಲುತ್ತದೆ ಅಂದುಬಿಟ್ಟರು. ಅಷ್ಟೇ! ಮಾವನ ನಿದ್ದೆ ಹೋಯಿತು. "ಅವು ಒಂದೇ ಎಲೇಲಿ ಉಣ್ಣೋ ಜನ ಕಣೇ. ಒಂದಕ್ಕೆ ಬಂದ್ರೆ ಮನೆಮಂದಿಗೆಲ್ಲ ಬಂದಂಗೆ" ಎಂದು ಅತ್ತೆಯ ಮುಂದೆ ಗೋಳಾಡಿದರು. ಡಾಕ್ಟರ ಬೆನ್ನು ಬಿದ್ದು, ವರ್ಷಕ್ಕೊಮ್ಮೆ ಮದ್ದಿನ ಐಸ್ ಡಬ್ಬಿ ಸಮೇತ ಎಸ್ಟೇಟಿಗೆ ಬರುವಂತೆ ಮಾಡಿದರು.

ಡಾಕ್ಟರು ಬಂದರೆ ನಾಯಿಗಳು ಬರಬೇಕಲ್ಲ? ನಾಯಿ ಕರೆಯಲು ಒಣಮೀನು ಬೇಕು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಾವ ಮೂಗಿಗೆ ಟವೆಲ್ ಕಟ್ಟಿಕೊಂಡು ಸಂತೆಯ ಒಣಮೀನಿನ ಅಂಗಡಿ ಮುಂದೆ ನಿಂತರು. ಇದನ್ನು ಊರಿನವರು ಯಾರೋ ನೋಡಿದರು. ಮೀನು ಎಸ್ಟೇಟಿಗೆ ಮುಟ್ಟುವ ಮೊದಲೇ ಸುದ್ದಿ ಶನಿವಾರಸಂತೆಗೆ ಮುಟ್ಟಿತ್ತು. ದೊಡ್ಡಮಾವ ಫೋನಿನಲ್ಲಿ ಗುಡುಗಿದರು: "ಏನಯ್ಯಾ, ಮೀನು ತಿನ್ನೋಕೆ ಶುರು ಮಾಡಿದ್ಯಂತೆ?"

"ನಾನಲ್ಲ ಅಣ್ಣಾ, ನಾಯಿಗಳಿಗೆ."

"ನಾಯಿ ಸಾಕಿದ್ಯಾ?"

"ಇಲ್ಲ ಅಣ್ಣಾ, ನಂಗೆ ನಾಯಿ ಕಂಡ್ರೆ ಭಯ ಅಲ್ವಾ?"

ದೊಡ್ಡಮಾವ ಅತ್ತೆಗೆ ಫೋನು ಕೊಡಲು ಹೇಳಿ, "ಯಾರಾದರೂ ಒಳ್ಳೆ ಡಾಕ್ಟರಿಗೆ ತೋರಿಸಮ್ಮ" ಎಂದರಂತೆ.

ಸೂಜಿ ಹಾಕಿದ ನಾಯಿ ಯಾವುದು, ಹಾಕದ ನಾಯಿ ಯಾವುದು, ತಿಳಿಯುವುದು ಹೇಗೆ? ಮಾವನಿಗೆ ಉಪಾಯ ಹೊಳೆಯಿತು. ಸ್ಟೋರಿನಲ್ಲಿ ಹಳದಿ ಪೇಂಟಿನ ಡಬ್ಬಿಯಿತ್ತು. ಉದ್ದನೆ ಕೋಲಿಗೆ ಬ್ರಷ್ ಕಟ್ಟಿ, ಸೂಜಿ ಬಿದ್ದ ನಾಯಿಯ ಬೆನ್ನಿಗೆ ದೂರದಿಂದಲೇ ಒಂದು ಗೆರೆ ಎಳೆದರು. ಒಂದೆರಡು ಗೆರೆ ಡಾಕ್ಟರ ಪ್ಯಾಂಟಿಗೂ ಬಿದ್ದವು! ಕಳೆದ ವರ್ಷದ ಆ ದಿನ ನಾನೂ ಅಲ್ಲಿದ್ದೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ನೆನೆದರೆ ಸಂಕಟವಾಗುತ್ತದೆ.

ಯಾಕೆಂದರೆ ಆ ಹಳದಿ ಪೇಂಟು ಸಿಲ್ವರ್ ಓಕ್ ಮರಗಳಿಗೆ ಹಚ್ಚುವಂಥದ್ದು. ಹಳದಿ ಗೆರೆ ಬಿದ್ದ ಮರವನ್ನು ಕಡಿಯುತ್ತಾರೆ. ಎಸ್ಟೇಟಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಗೆರೆ ಎಳೆದಿದ್ದ ರೈಟರಿಗೆ ಮಾತ್ರ ಅದು ಹೊಳೆಯಲಿಲ್ಲ! ರೈಟ್ರು ನಾಯಿಗಳಿಗೆ ಗುರುತು ಹಾಕ್ತಾವ್ರೆ, ನಾಳೆ ಕೊಲ್ಲಿಸ್ತಾರೆ ಅಂತ ಲೈನಿನಲ್ಲಿ ಗುಸುಗುಸು ಎದ್ದಿತು. ಕೆಲವರು ಸೀಮೆಎಣ್ಣೆ ಹಚ್ಚಿ ಗೆರೆ ಉಜ್ಜಿದರು. ಕೊನೆಯ ಮನೆಯ ಮುದುಕಿ ಕಾಳಮ್ಮ ತನ್ನ ನಾಯಿ ಕರಿಯನನ್ನು ಸೂಜಿಗೇ ತರಲಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಬಾಯಿ ಕಟ್ಟಿ ಬಚ್ಚಿಟ್ಟಳು. "ನಂದು ಸತ್ತೋಯ್ತು ರೈಟ್ರೇ" ಎಂದು ಅತ್ತಳು ಕೂಡ. ಮಾವ ಪಾಪ, ಸಮಾಧಾನ ಹೇಳಿ ಬಂದರು.

ಮಳೆಗಾಲ ಕಳೆಯುವಷ್ಟರಲ್ಲಿ ಆ ಕರಿಯನಿಗೇ ಹುಚ್ಚು ಹಿಡಿಯಿತು. ಜೊಲ್ಲು ಸುರಿಸುತ್ತ, ಸಿಕ್ಕಿದ ಗಿಡ ಕಚ್ಚುತ್ತ, ಕಂದಕ ಇಳಿದು ಕಾಡಿನೊಳಗೆ ಓಡಿಹೋಯಿತು. ಕಾಳಮ್ಮನನ್ನೂ ಅವಳ ಮನೆಯವರನ್ನೂ ಆಸ್ಪತ್ರೆಗೆ ಕರೆದೊಯ್ದು ಸೂಜಿ ಹಾಕಿಸಿದವರು ಮಾವನೇ. ಅವರೆಲ್ಲ ಉಳಿದರು.

ಹಿಂಡು ಉಳಿಯಲಿಲ್ಲ. ಕೆರೆಯ ಹತ್ತಿರ ಒಂದು ಸೀಳುನಾಯಿ ಸತ್ತು ಬಿದ್ದಿದೆ ಎಂದು ಮೊದಲು ಫಾರೆಸ್ಟ್ ಗಾರ್ಡ್ ಹೇಳಿದ. ಆಮೇಲೆ ಇನ್ನೊಂದು. ಪರೀಕ್ಷೆಗೆ ಕಳಿಸಿದರು; ಹುಚ್ಚೇ ಎಂದು ತಿಳಿಯಿತು. ಒಂದು ಸಂಜೆ ಕಂದಕದ ಆಚೆ ಅಂಚಿಗೆ ಕೆಂಪನೆಯ ಸೀಳುನಾಯಿಯೊಂದು ತೂರಾಡುತ್ತ ಬಂದು ನಿಂತಿತಂತೆ. ಮರಿ ಕಂಡರೆ ಜಗಲಿ ಹತ್ತುವ ಮಾವ ಅಂದು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಗಾರ್ಡ್ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಾಯಿತು. ಇದನ್ನು ಅತ್ತೆ ಫೋನಿನಲ್ಲಿ ಹೇಳುವಾಗ ನನಗೆ ಅಳು ಬಂತು.

ಕಾಳಮ್ಮ ಮಾವನ ಮನೆಗೆ ಬಂದು ಬಾಗಿಲಲ್ಲೇ ಕುಸಿದಳಂತೆ. "ಗೆರೆ ಹಾಕಿದ್ ಮರ ಕಡೀತಾರಲ್ಲ ರೈಟ್ರೇ... ಅದ್ಕೇ ಬಚ್ಚಿಟ್ಟೆ. ನಂಗಿದ್ದಿದ್ದು ಅದೊಂದೇ."

"ನಿನ್ನದೇನೂ ತಪ್ಪಿಲ್ಲ ಕಣಮ್ಮ" ಎಂದರಂತೆ ಮಾವ. "ನಿನ್ನ ನಾಯಿ ಮೇಲೆ ನಿಂಗೆ ಎಷ್ಟು ಆಸೆಯೋ, ಅವುಗಳ ಮೇಲೆ ನಂಗೂ ಅಷ್ಟೇ ಇತ್ತು. ಬಣ್ಣ ನೋಡಿ ಹಚ್ಚಬೇಕಿತ್ತು ನಾನು." ಈಗ ಪೇಂಟಿಲ್ಲ. ಕಾಳಮ್ಮ ತನ್ನ ಹಳೇ ಸೀರೆಗಳ ಅಂಚು ಹರಿದು ಕೊಡುತ್ತಾಳೆ, ಸೂಜಿ ಹಾಕಿದ ನಾಯಿಗಳ ಕೊರಳಿಗೆ ಅದನ್ನೇ ಕಟ್ಟುತ್ತಾರೆ. ಈ ಸಲ ಒಂದೂ ನಾಯಿ ತಪ್ಪಲಿಲ್ಲವಂತೆ. ಯಾರಿಗಾಗಿ ಇಷ್ಟೆಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಮೊನ್ನೆ ಹೋಗಿದ್ದೆ. ಸಂಜೆ ಮಾವ ಎಂದಿನಂತೆ ಕಾಫಿ ಲೋಟ ಹಿಡಿದು ಕಂದಕದ ಕಡೆ ನಡೆದರು. ನಾನು ಅವರ ಹಿಂದೆಯೇ ಹೋಗಿ, ಸ್ವಲ್ಪ ದೂರದಲ್ಲಿ ಕಾಫಿ ಗಿಡಗಳ ನಡುವೆ ನಿಂತೆ. ಅವರು ಸಿಳ್ಳೆ ಹಾಕಿದರು. ಕಾದರು. ಮತ್ತೆ ಹಾಕಿದರು. ಕಾಡು ಸುಮ್ಮನಿತ್ತು. ಆ ಬಗ್ಗಿದ ಬೆನ್ನು ನೋಡಲಾಗಲಿಲ್ಲ ನನಗೆ. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ತುಟಿ ಮುಂದೆ ಮಾಡಿ, ಅವರು ಕಲಿಸಿದ ಆ ಸಣ್ಣ ಸಿಳ್ಳೆಯನ್ನು ಹೊಡೆದುಬಿಟ್ಟೆ.

ಮಾವನ ಕೈಯಿಂದ ಲೋಟ ಜಾರಿತು. "ಬಂದ್ವಾ?" ಎಂದು ಗಕ್ಕನೆ ತಿರುಗಿದರು. ಆ ಮುಖದಲ್ಲಿದ್ದ ಸಂತೋಷವನ್ನು ನಾನು ಸಾಯುವವರೆಗೆ ಮರೆಯಲಾರೆ. ನನ್ನನ್ನು ಕಂಡರು. ಸಂತೋಷ ಇಳಿಯಿತು. ಬೈಯುತ್ತಾರೆ ಅಂದುಕೊಂಡೆ.

ಬೈಯಲಿಲ್ಲ. ಮತ್ತೆ ಕಾಡಿನ ಕಡೆ ಮುಖ ಮಾಡಿ, ನನಗೆ ಬೆನ್ನು ಹಾಕಿ ನಿಂತು, ಮೆಲ್ಲಗೆ ಹೇಳಿದರು:

"ಇನ್ನೊಂದ್ಸಲ ಹೊಡಿ ಮಗಾ."