ಎಳ್ಳ ಅಮಾವಾಸ್ಯೆಯ ಬೆಳಗ್ಗೆ ಡಂಗುರ ಹೊಡೆಸಿದ ಬಿಳಿ ರಕ್ತಕಣಕ್ಕೆ

ನನ್ನ ಬಲಗೈ ತೋರುಬೆರಳಿನಲ್ಲಿ ಸದ್ಯ ಬಿಡಾರ ಹೂಡಿರುವ ಬಿಳಿ ರಕ್ತಕಣದವರ ಸನ್ನಿಧಿಗೆ, ನಾರಾಯಣಖೇಡದ ತೊಗರಿ ವ್ಯಾಪಾರಿ ರೇವಪ್ಪನ ಶರಣು ಶರಣಾರ್ಥಿಗಳು.

ಮಾನ್ಯರೇ, ತಾವು ಕ್ಷೇಮವೆಂದು ಬೆರಳಿನ ಬಾವೇ ಸಾರುತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಎಳ್ಳ ಅಮಾವಾಸ್ಯೆಯಂದು ಜಹೀರಾಬಾದಿನ ನಮ್ಮ ಮಾವ ಈಶಪ್ಪನವರ ಹೊಲದಲ್ಲಿ ಪೂಜೆ ಮುಗಿದ ಮೇಲೆ, ಗಟ್ಟಿಯಾಗಿ ಕೂಗುತ್ತಾ ಪೈರಿಗೆ ನೈವೇದ್ಯದ ಚರಗ ಚೆಲ್ಲುವ ಮಾನ ಇಷ್ಟು ವರ್ಷ ನನ್ನ ಷಡ್ಡಕ ದೇವಿದಾಸನದಾಗಿತ್ತು. ಈ ಸಲ ಮಾವನವರು ಎಲ್ಲರೆದುರು ನನ್ನ ಹೆಸರು ಹೇಳಿದ್ದರು. ಆ ಹಿಗ್ಗಿನಲ್ಲಿ, ಹಬ್ಬಕ್ಕೆ ಎರಡು ದಿನ ಮೊದಲು, ಕಾಳು-ಸೊಪ್ಪಿನ ಭಜ್ಜಿ ಪಲ್ಯಕ್ಕೆ ಹಾಕುವ ಬಾರಿ ಹಣ್ಣು, ಅಂದರೆ ಬೋರೆ ಹಣ್ಣು, ನಾನೇ ತರುತ್ತೇನೆಂದು ಮುಳ್ಳುಕಂಟಿಯೊಳಗೆ ಕೈ ಹಾಕಿದೆ, ಮುಳ್ಳು ನೆಟ್ಟಿತು.

ಡಾಕ್ಟರ್ ಮೀನಾ ಹೇಳಿದಂತೆ, ಮುಳ್ಳಿನ ಬೆನ್ನಿಗೇ ಒಳಬಂದ ರೋಗಾಣುವನ್ನು ತಾವು ಇಡಿಯಾಗಿ ನುಂಗಿದಿರಂತೆ. ನಾವಾದರೂ ತೊಗರಿಕಾಳನ್ನು ಹಲ್ಲಲ್ಲಿ ಕಡಿದು ನೋಡಿ ಆಮೇಲೆ ಮಾತಿಗಿಳಿಯುತ್ತೇವೆ. ತಾವು ಮೊದಲು ನುಂಗಿ, ಒಳಗಿನ ಚೀಲದಲ್ಲಿ ಅವನ ಮೇಲೆ ಹುಳಿ ಸುರಿದು, ಮೈಕವಚವನ್ನು ಚೂರುಚೂರು ಮಾಡಿ, ಆ ಚೂರುಗಳನ್ನು ಚೀಲದ ಗೋಡೆಯ ಪಹರೆಯವರಿಂದ ಮುಟ್ಟಿಸಿ ನೋಡಿ, ಆಗಷ್ಟೇ ಇವನು ನಮ್ಮವನಲ್ಲವೆಂದು ಮೈಯೆಲ್ಲ ಡಂಗುರ ಹೊಡೆಸುತ್ತೀರಂತೆ. ಆ ಡಂಗುರವೇ ನಮಗೆ ಬರುವ ಜ್ವರವಂತೆ. ಕಣ್ಣಿಲ್ಲ, ಮೂಗಿಲ್ಲ, ಹೊಟ್ಟೆಯೊಳಗೇ ಗುರುತು ಹಿಡಿಯುವ ಎಂಥ ಜಾಣ್ಮೆ! ಈ ವಿದ್ಯೆ ನನಗಿದ್ದಿದ್ದರೆ ಮಾರುಕಟ್ಟೆಯ ಅರ್ಧ ಜನರನ್ನು ನುಂಗಿ ನೋಡುತ್ತಿದ್ದೆ.

ಆದರೆ ಆ ಡಂಗುರ ಅಮಾವಾಸ್ಯೆಯ ಬೆಳಗ್ಗೆಯೇ ಆಗಬೇಕಿತ್ತೇ? ಜ್ವರದಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದರೂ ಅಂಬಲಿಯ ಕೊಡ ಹೊರಲು ಎದ್ದವನಿಗೆ ಹೆಂಡತಿ ಶಿವಕಾಂತಾ, "ಸುಮ್ಮ ಮಲ್ಕೋರಿ, ಚರಗ ದೇವಿದಾಸ ಮಾಮಾರು ಚೆಲ್ತಾರ" ಎಂದು ಕೌದಿ ಹೊದಿಸಿದಳು. ಅವನ ಕೂಗು ಹೊಲದಿಂದ ಮಾವನವರ ಮನೆಯಲ್ಲಿ ಮಲಗಿದ್ದ ನನ್ನವರೆಗೂ ಕೇಳಿಸಿತು. ಜ್ವರಕ್ಕಿಂತ ಅದೇ ಹೆಚ್ಚು ಸುಟ್ಟಿತು.

ಸಂಜೆ ಡಾಕ್ಟರು ಕೀವು ತೆಗೆದು, "ಒಳಗಿನವ್ರು ಲಗೂನ ಗುರ್ತ ಹಿಡದಾರ್ರಿ, ಇಲ್ಲಾಂದ್ರ ಬೆರಳೇ ಹೋಗ್ತಿತ್ತು" ಎಂದರು. ಆದ್ದರಿಂದ ಇಷ್ಟು ಹೊಟ್ಟೆಯುರಿಯ ನಡುವೆಯೂ ಹೇಳುತ್ತೇನೆ, ತಾವು ದೊಡ್ಡವರು. ಇದನ್ನು ಬರೆಯುತ್ತಿರುವ ಬೆರಳು ತಾವು ಉಳಿಸಿಕೊಟ್ಟದ್ದು. ಮುಂದೆ ಮಾತ್ರ ಯಾರನ್ನೇ ನುಂಗಿದರೂ, ಡಂಗುರಕ್ಕೆ ಮುನ್ನ ದಯವಿಟ್ಟು ಪಂಚಾಂಗ ನೋಡಬೇಕು. ತಮ್ಮ ಅನುಕೂಲಕ್ಕಾಗಿ ಒಂದು ಪಂಚಾಂಗವನ್ನು ನುಂಗಲೂ ನಾನು ಸಿದ್ಧನಿದ್ದೇನೆ.

ಒಂದೇ ಚರ್ಮದೊಳಗೆ ಬಾಳುತ್ತಿರುವ ತಮ್ಮ ವಿಶ್ವಾಸಿ,
ರೇವಪ್ಪ

ತಾ.ಕ.: ನಿನ್ನೆ ದೇವಿದಾಸನ ಹೆಬ್ಬೆರಳಿಗೂ ಅದೇ ಕಂಟಿಯ ಮುಳ್ಳು ನೆಟ್ಟಿದೆ. ಅವನೊಳಗಿರುವ ತಮ್ಮ ಬಂಧುಗಳಿಗೆ ಬೆರಳು ಉಳಿಸಲು ಹೇಳಿರಿ, ಪಾಪ, ಒಳ್ಳೆಯ ಮನುಷ್ಯ. ಡಂಗುರವನ್ನು ಮಾತ್ರ ಮುಂದಿನ ಎಳ್ಳ ಅಮಾವಾಸ್ಯೆಯ ಬೆಳಗ್ಗೆ ಹೊಡೆಸಲಿ.